ನೋಡುವವರು ಬಂದ ದಿನದ ಬಿಸಿ ಸಾರು

ಪ್ರಶ್ನಾವಳಿ ಹಿಡಿದು ಮನೆ ಮನೆ ಸುತ್ತಿದರೆ ಜನ ಎಂಥ ಸಜ್ಜನರು ಅನ್ನುವುದು ಗೊತ್ತಾಗುತ್ತದೆ. ಗುಬ್ಬಿ ತಾಲ್ಲೂಕಿನಲ್ಲಿ ನಾನು ವಿಚಾರಿಸಿದ ಒಂದು ಮನೆಯಲ್ಲೂ ಸೊಸೆ ಕೊನೆಗೆ ಉಣ್ಣುತ್ತಿರಲಿಲ್ಲ. "ಎಲ್ರೂ ಒಟ್ಟಿಗೇ ಉಣ್ಣೋದು ಕಣವ್ವಾ" ಅಂತ ಅತ್ತೆಯರದೆಲ್ಲ ಒಂದೇ ರಾಗ. ತುಮಕೂರಿನಲ್ಲಿ ನನ್ನ ಪಿಎಚ್‌ಡಿ ಗೈಡು ಆ ಉತ್ತರಗಳನ್ನು ಓದಿ ನಕ್ಕುಬಿಟ್ಟರು. "ಕೇಳಿದ್ರೆ ಹಿಂಗೇ ಹೇಳ್ತಾರೆ. ಒಂದು ಮನೇಲಿ ಕೂತು ಕಣ್ಣಾರೆ ನೋಡಮ್ಮ. ಗೋಡೆ ಮೇಲಿನ ಹಲ್ಲಿ ಥರ ಇರ್ಬೇಕು, ನೀನಿರೋದೇ ಯಾರ್ಗೂ ಗೊತ್ತಾಗ್ಬಾರ್ದು." ಹಲ್ಲಿ ಲೊಚಗುಟ್ಟಿದರೆ ಪಂಚಾಂಗ ತೆಗೆಯುವ ಜನ ನಾವು. ಹಲ್ಲಿಗೇ ಇಲ್ಲದ ಭಾಗ್ಯ ನನಗೆಲ್ಲಿಂದ ಬರಬೇಕು? ಆದರೆ ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ದೂರ ಅನ್ನುವ ನೆಪವೂ ಉಳಿದಿಲ್ಲ. ಹೊರಟೆ.

ಒಟ್ಟಿಗೇ ಉಣ್ಣೋದು ಅಂದ ಅತ್ತೆಯರಲ್ಲಿ ಚೇಳೂರಿನ ಹತ್ತಿರದ ಒಬ್ಬರು ನಾನು ಬಂದು ಕೂತು ನೋಡಲು ಒಪ್ಪಿದರು. "ಬಾರವ್ವ, ನಮ್ಮನೇಲಿ ಮುಚ್ಚುಮರೆ ಏನೈತೆ." ಮನೆಯಲ್ಲಿ ಅವರು, ಅವರ ಯಜಮಾನರು, ಮಗ, ಕುಣಿಗಲ್ ಕಡೆಯಿಂದ ಬಂದ ಸೊಸೆ.

ಮೊದಲ ದಿನ ಮಧ್ಯಾಹ್ನ ಊಟಕ್ಕೆ ಕೂತರು, ನಿಜಕ್ಕೂ ಎಲ್ಲರೂ ಒಟ್ಟಿಗೇ. ಆದರೆ ಎಲ್ಲಿ ಕೂರಬೇಕೆಂದು ಸೊಸೆಗೆ ಗೊತ್ತಾಗಲಿಲ್ಲ. ಗಂಡ ಆ ಕಡೆ ಸರಿದ, ಮಾವ ಈ ಕಡೆ ಸರಿದರು, ಕೊನೆಗೆ ಅವಳು ಬಾಗಿಲಿಗೆ ಅಡ್ಡ ಕೂತಳು. ತಟ್ಟೆ ಸಾಲದೆ ಮಗ ಅಟ್ಟ ಹತ್ತಿ ಮದುವೆಗೆ ಬಂದ ಉಡುಗೊರೆಯಲ್ಲಿ ಒಂದನ್ನು ಇಳಿಸಿದ. ಅದಕ್ಕಿನ್ನೂ ಅಂಗಡಿಯ ಚೀಟಿ ಅಂಟಿತ್ತು. ಮುದ್ದೆ ಮುರಿಯುವಷ್ಟರಲ್ಲಿ ಅವಳು ನೀರಿಗೆ ಅಂತ ಎದ್ದಳು, ಆಮೇಲೆ ಉಪ್ಪಿಗೆ ಅಂತ. "ಕೂತ್ಕಳೇ, ದಿನಾ ಕೂರಲ್ವಾ!" ಅಂತ ಅತ್ತೆ ಗದರಿದರು. ಮಾವ ಏನೋ ಹೇಳಲು ಬಾಯಿ ತೆಗೆದವರು ಹೆಂಡತಿಯ ಮುಖ ನೋಡಿ ಮುದ್ದೆ ನುಂಗಿದರು.

ಬಾಯಿ ಹೇಳದ್ದನ್ನು ತಟ್ಟೆ ಹೇಳುತ್ತದೆ, ಅದೇ ಈ ವಿಧಾನದ ಗುಣ. ದೋಷವೂ ಅಲ್ಲೇ ಇದೆ. ನೋಡುವವರು ಬಂದು ಕೂತ ಕೂಡಲೇ ನೋಡಬೇಕಾದ್ದು ಹಿತ್ತಲ ಬಾಗಿಲಿನಿಂದ ಓಡಿಹೋಗುತ್ತದೆ. ನಾನು ಹೋದ ಹಾಗೆಲ್ಲ ಆ ಸಂಸಾರ ಇನ್ನಷ್ಟು ಮತ್ತಷ್ಟು ಒಳ್ಳೆಯದಾಗುತ್ತ ಬಂತು. ಅತ್ತೆಯೇ ಸೊಸೆಗೆ ಬಿಸಿ ಸಾರು ಬಡಿಸಿದರು, ಮೇಲೆ ತುಪ್ಪ ಹಾಕಿದರು. ಒಂದು ದಿನ ಮಗ ತಟ್ಟೆ ತೊಳೆಯಲು ಕೂತ. ಅದನ್ನು ನೋಡಲಾರದೆ ಮಾವ ತೋಟಕ್ಕೆ ಹೋದರು. ಇದನ್ನೆಲ್ಲ ಕೇಳಿ ಗೈಡು ಸಿಡುಕಿದರು. "ಪೂರ್ತಿ ನಾಟ್ಕ ಕಣಮ್ಮ ಇದು. ಈ ಡೇಟಾ ಕೆಲ್ಸಕ್ಕೆ ಬರಲ್ಲ, ಮನೆ ಬದಲಾಯ್ಸು."

ಇನ್ನು ಬರುವುದಿಲ್ಲ ಅಂತ ತಿಳಿಸಲು ಹೋದಾಗ ಬಾಗಿಲಲ್ಲಿ ಮೊದಲು ಸಿಕ್ಕಿದ್ದು ಸೊಸೆ. ಗೈಡು ಅಂದದ್ದನ್ನು ಕೇಳಿದವಳೇ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಅಕ್ಕಾ, ನೀವು ಬರೋ ದಿನ ಮಾತ್ರ ನಂಗೆ ಬಿಸಿ ಊಟ. ಮಿಕ್ಕಿದ್ ದಿನ ಎಲ್ರದ್ದೂ ಆದ್ಮೇಲೆ ತಳ ಕೆರ್ಕೊಂಡು ತಿನ್ನೋದು. ನಾಟ್ಕ ಆದ್ರೆ ಆಗ್ಲಿ ಬುಡಿ, ಸಾರಂತೂ ನಿಜ್ವಾಗ್ಲೂ ಬಿಸಿ ಇರುತ್ತೆ. ಡಿಗ್ರಿ ಮುಂದಿನ ವರ್ಷ ತಗಂಡ್ರೆ ಆಗಲ್ವಾ?"

ನಗು ಬಂತು. ಗೈಡಿನ ಮೇಲೆ, ಅವರ ಡೇಟಾದ ಮೇಲೆ ವಿಪರೀತ ಸಿಟ್ಟು ಬಂತು. ಒಳಗೆ ಹೋಗಿ ಅತ್ತೆಗೆ ಗಂಭೀರವಾಗಿ ಹೇಳಿದೆ: "ಇನ್ಮೇಲೆ ಹೇಳ್ದೆ ಕೇಳ್ದೆ ಬರ್ತೀನಮ್ಮ, ಊಟದ ಹೊತ್ತಿಗೆ. ಯಾವತ್ತು ಅಂತ ನಂಗೇ ಗೊತ್ತಿಲ್ಲ. ನಮ್ಮ ಸರ್ ಹಂಗೆ ಹೇಳವ್ರೆ." ಸರ್ ಅಂಥದ್ದೇನೂ ಹೇಳಿರಲಿಲ್ಲ.

ಅತ್ತೆ ನನ್ನನ್ನು ಬಸ್ಸು ಹತ್ತಿಸಲು ರಸ್ತೆಯವರೆಗೂ ಬಂದರು. ಗುಬ್ಬಿ ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಮೆಲ್ಲಗೆ ಅಂದರು:

"ನೀನ್ ಯಾಕ್ ಹಂಗಂದೆ ಅಂತ ನಂಗೊತ್ತು ಕಣವ್ವಾ. ಬಾ, ಯಾವತ್ತಾರ ಬಾ. ನಮ್ಮತ್ತೆ ಇದ್ದಾಗ ಹಿಂಗೆ ಕೂತು ನೋಡೋರು ಒಬ್ರೂ ಬರ್ಲಿಲ್ಲ ನಮ್ಮನೇಗೆ."