ಪ್ರಸ್ಥಾನಕ್ಕಿಟ್ಟ ಚೀಲ

ಗುರುವಾಯನಕೆರೆಯ ಪರಮೇಶ್ವರ ಮಾಸ್ತರರು ಯೋಜನೆಯಿಲ್ಲದೆ ಬಾವಿಕಟ್ಟೆಗೂ ಹೋಗುವವರಲ್ಲ. ೧೯೫೮ರ ಬೇಸಿಗೆಯಲ್ಲಿ ಕಾರಿನಲ್ಲಿ ಚಾರ್ಮಾಡಿ ಘಾಟಿ ಹತ್ತಿ, ಕಡೂರಿನಲ್ಲಿ ರೈಲು ಹಿಡಿದು ಮೈಸೂರು ನೋಡುವುದೆಂದು ಮೂರು ತಿಂಗಳು ರೈಲಿನ ವೇಳಾಪಟ್ಟಿ ಓದಿ ಮನೆಯವರ ತಲೆ ತಿಂದಿದ್ದರು.

ಹೊರಡುವ ದಿನ ಒಳ್ಳೆಯದಿರಲಿಲ್ಲ. ಹಾಗಾಗಿ ಹಿಂದಿನ ದಿನದ ಶುಭಗಳಿಗೆಯಲ್ಲೇ ಪ್ರಯಾಣ ಶುರುವಾದಂತಾಗಲೆಂದು, ವೇಳಾಪಟ್ಟಿಯಿದ್ದ ಚೀಲವನ್ನು ನೆರೆಯ ಭೋಜ ಶೆಟ್ಟರ ಮನೆಯಲ್ಲಿ ಪ್ರಸ್ಥಾನ ಇಟ್ಟರು.

ಬೆಳಿಗ್ಗೆ ಚೀಲ ತರಲು ಹೋದರೆ ಬಾಗಿಲಿಗೆ ಬೀಗ. ಶೆಟ್ಟರ ಮನೆಮಂದಿಯೆಲ್ಲ ಮೂಡುಬಿದಿರೆಗೆ ಮದುವೆಗೆ ಹೋಗಿದ್ದರು.

"ಹೊರಡುವ ಮಾರಾಯ್ರೆ, ರೈಲು ಕಾಯುವುದಿಲ್ಲ!" ಬಾಡಿಗೆ ಕಾರಿನ ಚಾಲಕ ಕೂಗಿದ. ಮಾಸ್ತರರು ಬೀಗ ಒಡೆಯಲು ಕಲ್ಲೆತ್ತಿದರು.

ಹೆಂಡತಿ ಸುಬ್ಬಮ್ಮ ಕೈ ಹಿಡಿದರು. "ಕಡೂರಿಗೆ ರೈಲು ಬರುವುದು ಎರಡು ಹತ್ತಕ್ಕೆ. ಅರಸೀಕೆರೆಯಲ್ಲಿ ಇಳಿದು ಬೇರೆ ರೈಲು. ಕಾಯ್ಲಿಕ್ಕೆ ಮುಕ್ಕಾಲು ಗಂಟೆ ಉಂಟು. ಮೂರು ತಿಂಗಳು ಕೇಳಿದವಳು ನಾನು. ಕಲ್ಲು ಬಿಸಾಡಿ, ಕಾರು ಹತ್ತಿ!"