ಬೀಗಿತ್ತಿಯ ಹಲ್ಲಿನ ಗೀರುಗಳು

ನನ್ನ ಮೊಮ್ಮಗಳಿಗೆ ಹಿಡಿಸಿದ್ದು ಬೀಗಿತ್ತಿಯ ಹಲ್ಲು, ನನ್ನದಲ್ಲ. ನಡೆದದ್ದು ಇಷ್ಟೇ. ಮನೆಯವರು ಇದನ್ನು ಹಬ್ಬದ ತಮಾಷೆ ಅಂತ ಹೇಳಿಕೊಂಡು ನಗುತ್ತಾರೆ. ನನಗೆ ಅದರಲ್ಲಿ ತಮಾಷೆ ಕಾಣಲಿಲ್ಲ.

ಬೀಗಿತ್ತಿ ಅಂದರೆ ನನ್ನ ಸೊಸೆಯ ತಾಯಿ. ಮದ್ದೂರಿನಲ್ಲಿ ಟೀಚರಾಗಿದ್ದು ರಿಟೈರಾದವಳು. ಮೊಮ್ಮಗಳು ಓದುವುದು ಬೆಂಗಳೂರಿನಲ್ಲಿ. ಅಲ್ಲಿಂದ ಬರುವವರಿಗೆ ಮದ್ದೂರು ಮೊದಲು ಸಿಗುತ್ತದೆ, ನಮ್ಮ ಕೊತ್ತತ್ತಿ ಆಮೇಲೆ. ಹಾಗಾಗಿ ಹುಡುಗಿ ಮೊದಲು ಅಲ್ಲಿಳಿದು, ಉಂಡು, ಮಾತೆಲ್ಲ ಮುಗಿಸಿಕೊಂಡು ನಮ್ಮ ಬಾಗಿಲಿಗೆ ಬರುತ್ತಾಳೆ. ನನಗೆ ಸಿಗುವುದು ಮಿಕ್ಕ ಮಾತು.

ಅವಳ ಓದೂ ವಿಚಿತ್ರದ್ದು. ಮನುಷ್ಯರೇ ಇಲ್ಲದ ಕಾಲದಲ್ಲಿ ಮೈಮೇಲೆ ಪುಕ್ಕ ಇದ್ದ ಡೈನೋಸಾರ್‌ಗಳು ಇದ್ದವಂತೆ. ಮೊದಮೊದಲ ಹಕ್ಕಿಗಳಿಗೆ ಬಾಯಲ್ಲಿ ಹಲ್ಲೂ ಇದ್ದವಂತೆ. ಈಗ ಅವೆಲ್ಲ ಕಲ್ಲಾಗಿ ಸಿಗುತ್ತವೆ. ಏನು ತಿಂದು ಬದುಕಿದ್ದವು ಅಂತ ಹೇಳುವವರು ಯಾರೂ ಉಳಿದಿಲ್ಲ, ಅದಕ್ಕೆ ಹಲ್ಲನ್ನೇ ಕೇಳುತ್ತಾರೆ. ಹಲ್ಲಿನ ಮೇಲಿನ ಗಟ್ಟಿ ಪದರವನ್ನು ದೊಡ್ಡ ಮೈಕ್ರೋಸ್ಕೋಪಿನಲ್ಲಿಟ್ಟರೆ ಬರಿಗಣ್ಣಿಗೆ ಕಾಣದ ಗೀರು, ಗುಳಿ ಕಾಣುತ್ತವಂತೆ. ಗಟ್ಟಿ ಚಿಪ್ಪಿನ ಹುಳವನ್ನು ಅಗಿದಿದ್ದರೆ ಹಲ್ಲು ಒರಟು, ಮೆತ್ತಗಿನದು ತಿಂದಿದ್ದರೆ ನಯ.

ಕೈ ಪಳಗಲಿ ಅಂತ ದಸರಾ ರಜದಲ್ಲಿ ಇಬ್ಬರು ಅಜ್ಜಿಯರ ದವಡೆ ಹಲ್ಲಿಗೂ ಮೆತ್ತಗಿನ ಹಿಟ್ಟಿನಂಥದ್ದನ್ನು ಒತ್ತಿ ಅಚ್ಚು ತೆಗೆದುಕೊಂಡು ಹೋದಳು. ಅವಳು ಕೂಸಾಗಿದ್ದಾಗ ಬಿಟ್ಟರೆ, ಅವಳ ಮುಖ ನನ್ನ ಮುಖಕ್ಕೆ ಅಷ್ಟು ಹತ್ತಿರ ಬಂದದ್ದು ಅವತ್ತೇ.

ಸಂಕ್ರಾಂತಿಗೆ ಬರುವಾಗ ಬೀಗಿತ್ತಿಯನ್ನೂ ಜೊತೆಗೆ ಕರೆತಂದಳು. ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಲ್ಯಾಪ್‌ಟಾಪು ತೆರೆದು ಚಿತ್ರ ತೋರಿಸಿದಳು. ಮೊದಲು ಬೀಗಿತ್ತಿಯ ಹಲ್ಲು. ಹಲುಬೆ ಹೊಡೆದು ಕೆದಕಿದ ಹೊಲದ ಹಾಗೆ ಅದರ ಮೇಲೆಲ್ಲ ಗೀರು, ಗುಳಿ. ದಿನಾ ಸಂಜೆ ಕಾಫಿ ಜೊತೆ ಕೋಡುಬಳೆ, ಚಕ್ಕುಲಿ ಕಡಿಯುವವಳು ಅವಳು. ಹುಡುಗಿ ಒಂದೊಂದು ಗುಳಿಗೂ ಬೆರಳಿಟ್ಟು ಹಿಗ್ಗುತ್ತಿದ್ದಳು. ಈ ಚಿತ್ರವನ್ನು ಕಾಲೇಜಿನ ಗೋಡೆಗೆ ಹಾಕಿ, ಪಕ್ಕದಲ್ಲಿ ಹಳೇ ಹಕ್ಕಿಯ ಹಲ್ಲಿನ ಚಿತ್ರ ಹಾಕುತ್ತಾಳಂತೆ. ಕೆಳಗೆ ಅಜ್ಜಿಯ ಹಲ್ಲು ಅಂತ ಬರೆಯುತ್ತಾಳಂತೆ. ಯಾವ ಅಜ್ಜಿ ಅಂತ ಬರೆಯುವೆಯಾ ಎಂದು ಕೇಳಿದೆ. ಅವಳಿಗೆ ಕೇಳಿಸಲಿಲ್ಲ.

ಆಮೇಲೆ ನನ್ನದು ಬಂತು. ಬೋಳಾಗಿತ್ತು.

"ನಿಂದು ನುಣ್ಣಗೈತೆ ಕಣಜ್ಜಿ. ಏನೂ ಸಿಗ್ನಿಲ್ಲ," ಅಂದಳು.

"ಮುದ್ದೆ ನುಂಗೋರ ಹಲ್ಲಿಗೆ ಕೆಲಸವೆಲ್ಲಿ ಬಿಡಿ," ಅಂದಳು ಬೀಗಿತ್ತಿ. ಅವಳ ಮಾತಿಗೆ ಸೊಸೆ ನಕ್ಕಳು, ಮಗ ನಕ್ಕ. ಹೋಗಲಿ, ಮೊಮ್ಮಗಳೂ ನಕ್ಕಳಲ್ಲ.

"ನಿಮ್ಮವ್ವನೂ ಮುದ್ದೆ ನುಂಗೇ ನಿಮ್ಮನ್ನ ಎತ್ತದ್ದು ಕಣ್ರಮ್ಮ. ಕೋಡುಬಳೆ ತಿಂದಲ್ಲ," ಅಂದೆ. ಅದಕ್ಕೂ ನಕ್ಕರು. ಇಂಗ್ಲಿಷು ಬೀಗಿತ್ತಿಯದು, ಮೊದಲು ಸಿಗುವ ಊರು ಅವಳದು, ಈಗ ಗೋಡೆಗೆ ಹತ್ತುವ ಹಲ್ಲೂ ಅವಳದು. ಈ ಹುಡುಗಿಯನ್ನು ಎಣ್ಣೆ ಹಚ್ಚಿ ನೀರು ಹುಯ್ದು ಬೆಳೆಸಿದವಳು ನಾನು.

ನನ್ನ ಮುಖ ನೋಡಿ ಹುಡುಗಿಗೆ ಗೊತ್ತಾಯಿತೋ ಏನೋ, ಹತ್ತಿರ ಬಂದು ಕೂತಳು. ಈ ಗೀರುಗಳು ಜೀವಮಾನದ ಲೆಕ್ಕವಲ್ಲವಂತೆ. ಕೆಲವು ದಿನ, ಕೆಲವು ವಾರದ ಹಿಂದೆ ತಿಂದದ್ದರ ಗುರುತಂತೆ. ಹಳೆಯವು ಸವೆದು ಹೋಗುತ್ತವೆ, ಹೊಸವು ಬೀಳುತ್ತವೆ. ಆ ಹಳೇ ಹಕ್ಕಿಗಳ ಕಥೆಯೂ ಅಷ್ಟೇ, ಸಾಯುವ ಮುಂಚೆ ತಿಂದದ್ದಷ್ಟೇ ಗೊತ್ತಾಗುವುದು.

"ಯುಗಾದಿಗೆ ಬಂದಾಗ ಇನ್ನೊಂದ್ಸಲ ತಗೀತೀನಿ, ಬುಡಜ್ಜಿ," ಅಂದಳು.

ಮಾರನೆಯ ಬೆಳಿಗ್ಗೆ ಸೊಸೆ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಮುದ್ದೆಯನ್ನು ನುಂಗದೆ ಅಗಿದೆ. ಹಲ್ಲಿಗೆ, ಅಂಗುಳಕ್ಕೆಲ್ಲ ಮೆತ್ತಿಕೊಂಡು ಉಸಿರು ಕಟ್ಟಿತು. ಸೊಸೆ ಗಾಬರಿಯಾಗಿ ನೀರು ತಂದಳು. ತಟ್ಟೆಯನ್ನು ಆಚೆ ತಳ್ಳಿ, ಒಲೆ ಮೇಲೆ ಬಾಣಲೆಯಿಟ್ಟು ಒಂದು ಪಾವು ಹುರುಳಿಕಾಳು ಹುರಿದೆ. ಬೀಗಿತ್ತಿ ಕಾಫಿ ಕುಡಿಯುತ್ತಿದ್ದಳು. ಅವಳ ಎದುರಿಗೇ ಕೂತು ಕಟಕಟ ಕಡಿದೆ.