ತೌಡಿಗೆ ಕೊಂಡ ಕೂಸು

ಓನರಮ್ಮನ ಕಿವಿಯ ತೂತುಗಳಲ್ಲಿ ಓಲೆ ಇರುತ್ತಿರಲಿಲ್ಲ, ಪೊರಕೆಕಡ್ಡಿ ಇರುತ್ತಿತ್ತು. ಜಗ್ಗಿ ಉದ್ದವಾದ ಕಿವಿ, ಅದರ ನಡುವೆ ಬೆರಳು ತೂರುವಷ್ಟು ತೂತು, ಅದರೊಳಗೆ ಮುರಿದ ಎರಡು ಕಡ್ಡಿ. ನಾಲ್ಕಂತಸ್ತಿನ ಕಟ್ಟಡದ ಒಡತಿ. ಬೀರುವಿನಲ್ಲಿ ಕೆಂಪು ಹರಳಿನ ಓಲೆ ಸುಖವಾಗಿ ಮಲಗಿತ್ತು. ಕೇಳಿದರೆ, "ಬಾರ ಕಣಮ್ಮಿ, ಕಿವಿ ಜಗ್ತದೆ. ತೂತು ಮುಚ್ಕಬಾರ್ದು ಅಷ್ಟೇಯ" ಅನ್ನುತ್ತಿದ್ದರು.

ಬೆಂಗಳೂರಿನ ಅಂಚಿನ ವರ್ತೂರಿನಲ್ಲಿ, ನೊರೆಯೇಳುವ ಕೆರೆಯ ಹತ್ತಿರ, ಹಳೇ ಊರಿನ ಕಡೆ ಅವರ ಕಟ್ಟಡ. ಬಾಡಿಗೆದಾರರ ಕಾರು ನಿಲ್ಲಲೆಂದು ಮಗ ಕಟ್ಟಿಸಿದ ಜಾಗದಲ್ಲಿ ಇವರು ಹಸು ಕಟ್ಟಿದ್ದರು. ಕಾರುಗಳು ಬೀದಿಯಲ್ಲಿ ಬಿಸಿಲು ಕಾಯುತ್ತಿದ್ದವು. ಎರಡನೇ ಮಹಡಿಯ ಹುಡುಗರು ವಾಸನೆ ಅಂತ ಗೊಣಗಿದ್ದಕ್ಕೆ, "ಕೆರೆ ನೊರೆ ವಾಸ್ನೆ ಕುಡೀತೀರಾ, ಸಗಣಿ ವಾಸ್ನೆ ಆಗಲ್ವಾ?" ಎಂದು ಬಾಯಿ ಮುಚ್ಚಿಸಿದ್ದರು. ಒಳ್ಳೆಯವರು ಅಂತ ಸುಮ್ಮನೆ ಹೊಗಳಲಾರೆ. ನೀರಿನ ಮೋಟರ್ ವಿಷಯಕ್ಕೆ ಮಹಾ ಜಿಪುಣಿ. ಬಾಗಿಲು ತಟ್ಟುವ ಅಭ್ಯಾಸವಿಲ್ಲ. ಸೀದಾ ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುವರು. ನನ್ನ ಜೋಳದ ರೊಟ್ಟಿಯನ್ನು ಮುಟ್ಟಿ, "ಇದ್ಯಾಕಿಂಗೆ ಅಪ್ಪಳದಂಗೈತೆ?" ಅನ್ನುವರು. ನಾನು ಹಾವೇರಿ ಕಡೆಯವಳು. ರೊಟ್ಟಿಗೆ ಯಾರಾದರೂ ಹೆಸರಿಟ್ಟರೆ ತಡೆದುಕೊಳ್ಳುವವಳಲ್ಲ. ಮೊದಲ ವಾರವೇ ನಮ್ಮಿಬ್ಬರಿಗೂ ಜಗಳವಾಯಿತು.

ನಾವು ಆ ಮನೆಗೆ ಬಂದದ್ದು ಓಡಿ ಬಂದ ಹಾಗೆ. ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ನನ್ನ ತುಂಬಿದ ಹೊಟ್ಟೆಯನ್ನು ನೋಡಿದ್ದವರೆಲ್ಲ ಲಿಫ್ಟಿನಲ್ಲಿ ನೆಲ ನೋಡಿ ನಿಲ್ಲುತ್ತಿದ್ದರು. ನಮ್ಮ ಮೊದಲ ಮಗು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಸುಮ್ಮನಾಗಿಬಿಟ್ಟಿತ್ತು. ಯಾಕೆ ಎಂದು ಡಾಕ್ಟರಿಗೂ ತಿಳಿಯಲಿಲ್ಲ. ನನ್ನ ಅವ್ವ ಫೋನಿನಲ್ಲಿ, "ಮತ್ತೊಂದು ಆಗ್ತೈತಿ ಬಿಡವಾ, ಅದನ್ನ ನೆನಸಬ್ಯಾಡ" ಅನ್ನುತ್ತಿದ್ದಳು. ಆಫೀಸಿನವರು ಹೂವಿನ ಗುಚ್ಛ ಕಳಿಸಿ ಮಾತು ಮುಗಿಸಿದ್ದರು. ಮಗುವಿನ ಬಗ್ಗೆ ಒಬ್ಬರೂ ಕೇಳಲಿಲ್ಲ, ಅದು ಹುಟ್ಟೇ ಇಲ್ಲವೇನೋ ಎಂಬಂತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಓನರಮ್ಮ ಬೀಗದ ಕೈ ಕೊಡುತ್ತಾ ಕೇಳಿದರು, "ಮಕ್ಳು?"

"ಇಲ್ಲ."

"ಆಗ್ಲಿಲ್ವಾ, ಆಗಿ ಓಯ್ತಾ?"

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. "ಹೋಯ್ತು" ಎಂದೆ.

"ಗಂಡಾ ಎಣ್ಣಾ?"

"ಗಂಡು."

"ಮೂಗು ಯಾರಂಗಿತ್ತು?"

ನಾನು ಗೋಡೆ ಹಿಡಿದುಕೊಂಡೆ. ಅವನ ಮೂಗು ನಮ್ಮ ಮಾವನವರದೇ, ತುದಿಯಲ್ಲಿ ಸ್ವಲ್ಪ ದಪ್ಪ. ಅದನ್ನು ನೋಡಿದವರು ನಾನು, ನನ್ನ ಗಂಡ, ಒಬ್ಬ ನರ್ಸು. ಹೇಳಿದೆ. ಹೇಳುತ್ತಾ ಅತ್ತೆ, ಅಳುತ್ತಾ ನಕ್ಕೆ. ಓನರಮ್ಮ ಸಮಾಧಾನ ಮಾಡಲಿಲ್ಲ. "ನಿಮ್ ಮಾವಂದು ಬಾಳ ದಪ್ಪವಾ?" ಎಂದು ಮತ್ತೆ ಕೇಳಿ, ಬೀಗ ತೆಗೆದು ತೋರಿಸಿ, ಹತ್ತು ಗಂಟೆಯ ಮೇಲೆ ನೀರು ಬಿಡುವುದಿಲ್ಲ ಎಂದು ಎಚ್ಚರಿಸಿ ಹೋದರು.

ಮುಂದಿನ ವರ್ಷ ನಾನು ಮತ್ತೆ ಬಸುರಿಯಾದೆ. ಸಂತೋಷ ಅನ್ನಬೇಕಲ್ಲ, ಅನ್ನಲಾಗಲಿಲ್ಲ. ಊರಿಗೆ ತಿಳಿಸಲಿಲ್ಲ, ಆಫೀಸಿಗೆ ಹೇಳಲಿಲ್ಲ, ದೊಡ್ಡ ಅಂಗಿ ಹಾಕಿಕೊಂಡು ಓಡಾಡಿದೆ. ನನ್ನ ಕೆಲಸವೇ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಎಲ್ಲವೂ ಸರಿಯಾಗಿದೆ ಎಂದರೆ ನಂಬದಿರುವುದಕ್ಕೇ ಸಂಬಳ. ಆ ಬುದ್ಧಿ ಹೊಟ್ಟೆಯ ಮೇಲೂ ತಿರುಗಿತು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ನನ್ನ ಗಂಡ ಬೆಳಗ್ಗೆ ಪೀಣ್ಯದ ಫ್ಯಾಕ್ಟರಿಗೆ ಹೊರಟರೆ ಊರಿನ ಆ ತುದಿಯಿಂದ ವಾಪಸು ಬರುವುದು ಕತ್ತಲಾದ ಮೇಲೆ. ನಾನು ಟೆರೇಸಿನಲ್ಲಿ ನೀರಿನ ಟ್ಯಾಂಕಿಗೆ ಸುತ್ತು ಹಾಕುತ್ತಿದ್ದೆ.

ಒಂದು ಸಂಜೆ ಓನರಮ್ಮ ಒಣಗಿದ ಬಟ್ಟೆ ತೆಗೆಯಲು ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಷ್ಟ್ರಲ್ಲಮ್ಮಿ?"

"ಐದು" ಎಂದುಬಿಟ್ಟೆ. ಸುಳ್ಳು ಹೇಳಲು ಶಕ್ತಿ ಇರಲಿಲ್ಲ.

"ಗಂಡೇ. ಒಟ್ಟೆ ನೋಡುದ್ರೆ ಗೊತ್ತಾಗ್ತದೆ" ಎಂದು ತೀರ್ಪು ಕೊಟ್ಟು, "ಇಂಗ್ಯಾಕೆ ಗಾಣದೆತ್ತಿನಂಗೆ ಸುತ್ತೀಯ?" ಎಂದರು.

"ಭಯ ಆಗ್ತದಮ್ಮಾ. ಇದೂ ಉಳಿಯಲ್ಲ ಅನ್ನಿಸ್ತದ. ರಾತ್ರಿ ಹಗಲು ಅದೇ. ಇದು ನನ್ನ ಮಗು ಅಂತ ಅನ್ಕೊಳ್ಳಾಕೂ ಧೈರ್ಯ ಇಲ್ಲ."

ಓನರಮ್ಮ ಬಟ್ಟೆಯ ರಾಶಿಯನ್ನು ಭುಜದಿಂದ ಇಳಿಸಿದರು. "ಅಂಗಾದ್ರೆ ನಂಗ್ ಮಾರ್ಬುಡು."

ತಮಾಷೆ ಎಂದುಕೊಂಡೆ. ಅಲ್ಲ. ಮಕ್ಕಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಮೊರದಲ್ಲಿ ಹಾಕಿ, ಪಕ್ಕದ ಮನೆಯವರಿಗೆ ತೌಡಿಗೆ ಮಾರುವುದು ಅವರ ಕಡೆಯ ಪದ್ಧತಿ. ಇದು ಈ ಮನೆಯದಲ್ಲ, ಬೇರೆಯವರದು ಎಂದು ಸಾವಿಗೆ ಮೋಸ ಮಾಡುವುದು. ಮಗು ಗಟ್ಟಿಯಾದ ಮೇಲೆ ಅಷ್ಟೇ ತೌಡು ಕೊಟ್ಟು ಬಿಡಿಸಿಕೊಳ್ಳುವುದು. "ನಾನೂ ಮಾರಿದ್ ಕೂಸೇಯ. ನನ್ ಎಸ್ರಲ್ಲೇ ತಿಪ್ಪೆ ಐತೆ, ಬಾಡ್ಗೆ ಪತ್ರದಾಗೆ ನೋಡಿಲ್ವಾ? ನಮ್ಮವ್ವ ಬಿಡಿಸ್ಕಳೋದ್ನೇ ಮರ್ತುಬುಟ್ಳು. ನಾನಿನ್ನೂ ಪಕ್ಕದ್ಮನೆ ಸೊತ್ತು!" ಎಂದು ಕಡ್ಡಿ ಅಲುಗುವಂತೆ ನಕ್ಕರು.

"ಹುಟ್ಟಿದ ಮೇಲಲ್ವಾ ಮಾರೋದು?" ಎಂದೆ.

"ಪದ್ದತಿ ಅಂಗೇಯ. ಆದ್ರೆ ನೀನು ಅಲ್ಲೀಗಂಟ ತಡಿಯೋ ಅಂಗೆ ಕಾಣಾಕಿಲ್ಲ."

ಹಾಗೆಂದು ಕೆಳಗೆ ಕರೆದುಕೊಂಡು ಹೋಗಿ, ಹಸುವಿನ ಡಬ್ಬದಿಂದ ಮೊರದ ತುಂಬ ತೌಡು ತಂದು ನನ್ನ ಮಡಿಲಿಗೆ ಸುರಿದರು. ನನ್ನ ಆಫೀಸಿನ ಅಂಗಿಯೆಲ್ಲ ತೌಡು. ಹಸು ಬೇರೆ ಕತ್ತು ಚಾಚಿತು. "ಇಗೋ, ಯಾಪಾರ ಆಯ್ತು. ಇನ್ ಮ್ಯಾಕೆ ಮಗ ನಂದು, ಬಯಾನೂ ನಂದು. ನೀನು ಬಾಡ್ಗೆ ಮನೆ ಅಷ್ಟೇಯ, ಸುಮ್ಕೆ ಉಂಡ್ಕಂಡು ಬಿದ್ದಿರು. ಡಾಕ್ಟ್ರು ಕರ್ದಾಗ ಮಾತ್ರ ತಪ್ಪುಸ್ಬ್ಯಾಡ."

ಇಂಥದನ್ನೆಲ್ಲ ನಂಬುವವಳು ನಾನಲ್ಲ. ಆದರೆ ಆ ರಾತ್ರಿ ಮೈಮರೆತು ನಿದ್ದೆ ಮಾಡಿದೆ.

ನೆಮ್ಮದಿ ಬಂತು ಎಂದಲ್ಲ. ಓನರಮ್ಮ ಬೆಳಗ್ಗೆದ್ದು ಮೆಟ್ಟಿಲ ಕೆಳಗಿಂದಲೇ ಕೂಗುತ್ತಿದ್ದರು, "ಏನಂತಾನಮ್ಮಿ ನನ್ ಮಗ? ಒದ್ನಾ?" ಇಡೀ ಬೀದಿಗೆ ಕೇಳುತ್ತಿತ್ತು. ಗುಟ್ಟು ಕಾಪಾಡಿದ್ದೆನಲ್ಲ, ಎಲ್ಲಾ ನೀರುಪಾಲು. ಹಾಲಿನವನು ಕೂಡ ಕೇಳತೊಡಗಿದ. ಸಿಟ್ಟಿನಿಂದ ಬಾಲ್ಕನಿಗೆ ಬಂದು "ಒದ್ದ, ಒದ್ದ!" ಎಂದು ನಾನೂ ಕಿರುಚುತ್ತಿದ್ದೆ. ಕಿರುಚಿದ ಮೇಲೆ ಹಸಿವಾಗುತ್ತಿತ್ತು.

ಎಂಟನೇ ತಿಂಗಳು ಬಂತು. ಒಂದು ಮಧ್ಯಾಹ್ನ ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದಾಗ ಗೊತ್ತಾಯಿತು, ಊಟವಾದಾಗಿನಿಂದ ಹೊಟ್ಟೆಯಲ್ಲಿ ಮಿಸುಕಾಟವಿಲ್ಲ. ಮಗ್ಗುಲಾಗಿ ಮಲಗಿದೆ, ತಣ್ಣೀರು ಕುಡಿದೆ. ಇಲ್ಲ. ಹೋದ ಸಲವೂ ಹೀಗೇ ಸುಮ್ಮನಾಗಿತ್ತು. ಮಲಗಿರಬೇಕು ಎಂದುಕೊಂಡು ನಾನು ಬೆಳಗಿನ ತನಕ ಕಾದಿದ್ದೆ. ಕಂಪ್ಯೂಟರಿನಲ್ಲಿ ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಹಾಗೇ ಬಿಟ್ಟು ಬರಿಗಾಲಲ್ಲಿ ಕೆಳಗಿಳಿದೆ.

ಓನರಮ್ಮ ಹಸುವಿನ ಮೈ ತೊಳೆಯುತ್ತಿದ್ದರು. ನನ್ನ ಮುಖ ನೋಡಿದ್ದೇ ತಡ, ಕೊಳವೆ ಬಿಸಾಡಿದರು. ನೀರು ಹರಿಯುತ್ತಲೇ ಇತ್ತು, ಆ ಜಿಪುಣಿ ತಿರುಗಿ ನೋಡಲಿಲ್ಲ. ಬೀದಿಗೆ ಓಡಿ ಆಟೋ ನಿಲ್ಲಿಸಿದರು.

ಕೆರೆಕೋಡಿಯ ಹತ್ತಿರ ಟ್ರಾಫಿಕ್ ಜಾಮ್. ಮುಂದೆ ಕಂಪನಿ ಬಸ್ಸು, ಪಕ್ಕದಲ್ಲಿ ನೀರಿನ ಟ್ಯಾಂಕರ್, ಒಂದಿಂಚೂ ಅಲುಗುವಂತಿಲ್ಲ. ಓನರಮ್ಮ ಇಳಿದೇಬಿಟ್ಟರು. ಒದ್ದೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾರುಗಳ ಬಾನೆಟ್ಟಿಗೆ ಸಗಣಿಗೈಯಲ್ಲಿ ದಬದಬ ಬಡಿಯುತ್ತಾ ಮುಂದೆ ನಡೆದರು. "ಏಯ್, ತಗಿಯೋ ಪಕ್ಕಕ್ಕೆ! ನನ್ ಮಗ ಐತೆ ಆಟೋದಾಗೆ! ನಮ್ಮೂರ್ನಾಗೆ ನಂಗೇ ದಾರಿ ಇಲ್ವೇನ್ರೋ?" ಕಿವಿಗೆ ಫೋನು ಹಿಡಿದವರೆಲ್ಲ ಗಾಬರಿಯಿಂದ ಕಾರು ಹಿಂದೆ ಮುಂದೆ ಮಾಡಿದರು. ಆಟೋದವನು ಅವರ ಹಿಂದೆ ಹಿಂದೆಯೇ ನುಗ್ಗಿಸಿದ. ಕೋಡಿ ದಾಟುವ ತನಕ ಅವರು ಆಟೋ ಹತ್ತಲಿಲ್ಲ.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಮಗುವಿನ ಎದೆಬಡಿತ ಕೇಳುವ ಯಂತ್ರದ ಪಟ್ಟಿ ಕಟ್ಟಿದರು. ನಾನು ಕಣ್ಣು ಮುಚ್ಚಿಕೊಂಡೆ. ಓನರಮ್ಮ ನನ್ನ ಕಾಲ ಹೆಬ್ಬೆರಳನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದರು. "ಬಯಾನೂ ನಂದು" ಎಂದು ಅವರು ಅಂದದ್ದು ಬರೀ ಮಾತಾಗಿರಲಿಲ್ಲ. ಆಮೇಲೆ ಯಂತ್ರದಿಂದ ಸದ್ದು ಬಂತು, ದಡದಡ, ದಡದಡ. ನರ್ಸು, "ಹಾರ್ಟ್‌ಬೀಟ್ ಚೆನ್ನಾಗಿದೆ. ಆದ್ರೂ ಬಂದಿದ್ದು ಒಳ್ಳೇದಾಯ್ತು, ಇವತ್ತು ಇಲ್ಲೇ ಇರಿ, ನೋಡೋಣ" ಎಂದಳು. ಆಮೇಲೆ ಒದ್ದೆ ಸೀರೆಯವರ ಕಡೆ ತಿರುಗಿ, "ಇವರು ಯಾರು? ಅತ್ತೇನಾ?" ಎಂದಳು.

"ಮಗು ಇವರದು" ಎಂದೆ.

ನರ್ಸು ನನ್ನನ್ನು ವಿಚಿತ್ರವಾಗಿ ನೋಡಿದಳು. ಓನರಮ್ಮ ಮಾತ್ರ, "ಊಂ ಮತ್ತೆ!" ಎಂದು ಕಣ್ಣೊರೆಸಿಕೊಂಡರು.

ಹುಟ್ಟಿದ್ದು ಹೆಣ್ಣು. ಓನರಮ್ಮನ ತೀರ್ಪು ಹುಸಿಯಾಗಿತ್ತು, ಆದರೆ ಒಪ್ಪಬೇಕಲ್ಲ! "ಒಟ್ಟೆ ಗಂಡಿಂದೇ ಇತ್ತು, ಇವ್ಳೇ ಮಾತು ಕೇಳಿಲ್ಲ" ಎಂದರು. ಅವತ್ತು ಕೆಂಪು ಹರಳಿನ ಓಲೆ ಹಾಕಿಕೊಂಡು ಬಂದಿದ್ದರು. ಮೂಗು ನೋಡಿ, "ಅದೇಯ, ನಿಮ್ ಮಾವಂದು. ಅಣ್ಣಂಗೂ ಇಂಗೇ ಇತ್ತು ಅಂದಿದ್ಯಲ್ಲ" ಎಂದರು. ನನ್ನ ಮೊದಲ ಮಗನನ್ನು ಅಣ್ಣ ಎಂದು ಕರೆದವರು ಅವರೊಬ್ಬರೇ.

ಬಿಡಿಸಿಕೊಳ್ಳುವ ಮಾತೆತ್ತಿದಾಗಲೆಲ್ಲ ಮುಂದೂಡುತ್ತಿದ್ದರು. ಹಲ್ಲು ಬರಲಿ ಎಂದರು, ನಡೆಯಲಿ ಎಂದರು, ಸ್ಕೂಲಿಗೆ ಸೇರಲಿ ಎಂದರು. "ಬಿಡಿಸ್ಕಂಡ್ರೆ ನೀನು ಮತ್ತೆ ಸುತ್ತಾಕೆ ಸುರು ಅಚ್ಕಂತೀಯ" ಎಂದು ಬೈದರು. ಸ್ಕೂಲಿಗೆ ಸೇರಿಸಿದ ವರ್ಷವೇ, ಒಂದು ಬೆಳಗ್ಗೆ ಹಸುವಿಗೆ ಮೇವು ಹಾಕಿ, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ಕಿವಿಯಲ್ಲಿ ಕಡ್ಡಿಯೇ ಇತ್ತು.

ಮೂರನೇ ದಿನ ಅವರ ತೋಟದಲ್ಲಿ ಮಣ್ಣು ಮಾಡಿದ ಗುಡ್ಡೆಗೆ ಹಾಲು ತುಪ್ಪ ಬಿಡಲು ನೆಂಟರೆಲ್ಲ ಸೇರಿದ್ದರು. ನಾನು ಮಗಳ ಕೈ ಹಿಡಿದು ಹಿಂದೆ ನಿಂತಿದ್ದೆ. ಬ್ಯಾಗಿನಲ್ಲಿ ಒಂದು ಪೊಟ್ಟಣ ತೌಡಿತ್ತು. ಈಗಲಾದರೂ ಹಿಂದಿರುಗಿಸೋಣ ಎಂದು ತಂದಿದ್ದೆ. ಯಾರೋ ಮುದುಕಿ ತಿರುಗಿ ನೋಡಿ, "ಈ ಕೂಸು ಯಾರ್ದವ್ವಾ?" ಎಂದಳು.

ನನ್ನದು ಎನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ. "ಓನರಮ್ಮಂದು."

ಎಲ್ಲರೂ ತಿರುಗಿದರು. ಓನರಮ್ಮನ ಮಗ ಹಾಲಿನ ಲೋಟ ಹಿಡಿದು ನಿಂತಿದ್ದವರು ಕೈ ಚಾಚಿದರು. "ಊಂ, ನಮ್ಮವ್ವ ತಗಂಡಿದ್ದ ಕೂಸು ಅದು. ಬಾ ಪಾಪು, ನೀನೂ ಬಿಡು."

ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು ಹಾಲು ಬಿಟ್ಟಳು. ಅರ್ಧ ಮಣ್ಣಿಗೆ, ಅರ್ಧ ಅವಳ ಕಾಲಿಗೆ ಬಿತ್ತು. ಮನೆಗೆ ಬಂದು ತೌಡನ್ನು ಹಸುವಿನ ಮುಂದೆ ಸುರಿಯಹೋದವಳು ಕೈ ತಡೆದೆ. ಪೊಟ್ಟಣ ಈಗಲೂ ನನ್ನ ಅಡುಗೆಮನೆಯಲ್ಲಿದೆ. ಮಗಳನ್ನು ನಾನು ಬಿಡಿಸಿಕೊಂಡಿಲ್ಲ.